ಹಿಂದಕ್ಕೆ ನಡೆದ ಸತು

ಕನ್ನಡ ಪಾಠ ಹೇಳುವವನಿಗೆ ರಸಾಯನಶಾಸ್ತ್ರದ ಗೊಡವೆ ಏಕೆ ಎಂದು ಓದುಗರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ಈ ಗೊಡವೆಯನ್ನು ನಾನಾಗಿ ಹಚ್ಚಿಕೊಂಡದ್ದಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ, ಪದವಿ ತರಗತಿಗಳಿಗೆಂದು ಕನ್ನಡದಲ್ಲಿ ಬರೆಸಿದ ಒಂದು ರಸಾಯನಶಾಸ್ತ್ರದ ಪುಸ್ತಕದ ಕರಡನ್ನು ಭಾಷೆಯ ಮಟ್ಟಿಗೆ ತಿದ್ದಿಕೊಡಬೇಕೆಂದು ನನ್ನನ್ನು ಕೇಳಿದರು. ವಿಷಯ ನನಗೆ ತಿಳಿಯದು. ಆದರೆ ವಿಭಕ್ತಿ, ವಚನ, ಕ್ರಿಯಾಪದಗಳನ್ನು ಸರಿಪಡಿಸುವುದಕ್ಕೆ ವಿಷಯ ತಿಳಿಯಲೇಬೇಕೆಂದೇನು ಎಂಬ ಧೈರ್ಯದಿಂದ ಒಪ್ಪಿಕೊಂಡೆ. ತಿದ್ದುತ್ತ ಹೋದಂತೆ ಒಂದು ಕಡೆ ಈ ಅರ್ಥದ ವಾಕ್ಯ ಬಂದಿತು: ಸತುವಿನ ಕ್ಲೋರೈಡಿನ ಗಾಢ ದ್ರಾವಣದಲ್ಲಿ ವಿದ್ಯುತ್ತು ಹರಿಯುವಾಗ ಸತು ಧನಧ್ರುವದ ಕಡೆಗೆ ಸಾಗುತ್ತದೆ. ಎರಡೇ ಪುಟಗಳ ಹಿಂದೆ ಅದೇ ಲೇಖಕರು, ಲೋಹಗಳು ಋಣಧ್ರುವದ ಕಡೆಗೆ ಸಾಗುತ್ತವೆ ಎಂದು ಸ್ಪಷ್ಟವಾಗಿ ಬರೆದಿದ್ದರು. ಇದು ಕೈತಪ್ಪೇ ಸರಿ ಎಂದು ‘ಧನ’ವನ್ನು ಹೊಡೆದು ‘ಋಣ’ವೆಂದು ಬರೆದೆ. ಕಡೆಯ ಕರಡು ನೋಡುವ ಹೊಣೆಯೂ ನನ್ನದೇ ಆದುದರಿಂದ ಆ ತಿದ್ದುಪಡಿ ಯಾರ ಕಣ್ಣಿಗೂ ಬೀಳದೆ ಅಚ್ಚಾಯಿತು.

ಪುಸ್ತಕ ಬಂದ ತಿಂಗಳಿಗೆ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಅದನ್ನು ಬಗಲಲ್ಲಿ ಇರುಕಿಕೊಂಡು ನನ್ನ ಕೋಣೆಗೆ ಬಂದರು. “ಏನ್ ಮೇಷ್ಟ್ರೇ, ಭಾಷೆ ತಿದ್ದಿ ಅಂತ ಕೊಟ್ಟರೆ ಸತುವಿನ ದಾರೀನೇ ತಿದ್ದಿಬಿಟ್ಟಿದ್ದೀರಲ್ಲ!” ಎಂದರು. ಎರಡು ಪುಟದ ಹಿಂದಿನ ವಾಕ್ಯವನ್ನು ತೋರಿಸಿದೆ. “ಅದೂ ಸರಿ, ಇದೂ ಸರಿಯಾಗಿತ್ತು. ನೀವು ಕೈ ಹಾಕೋವರೆಗೆ” ಎಂದರು. ನಾನು ಮಾಡಿದ ಈ ತಪ್ಪನ್ನೇ ಮಾಡುವುದಕ್ಕೆ ನೂರೈವತ್ತು ವರ್ಷಗಳ ಹಿಂದೆ ಜರ್ಮನಿಯಲ್ಲೊಬ್ಬನಿಗೆ ಎಲ್ಲ ಕಾರಣಗಳೂ ಇದ್ದವೆಂದೂ, ಆತ ಮಾಡಲಿಲ್ಲವೆಂದೂ ಅವರು ಅಂದು ಹೇಳಿದರು. ಅಂದಿನಿಂದ ಆ ಮನುಷ್ಯನ ವಿಚಾರವನ್ನು ಸಿಕ್ಕಲ್ಲೆಲ್ಲ ಓದುತ್ತ ಬಂದಿದ್ದೇನೆ. ಆತನ ಹೆಸರು ಯೋಹಾನ್ ವಿಲ್ಹೆಲ್ಮ್ ಹಿಟಾರ್ಫ್.

ಹಿಟಾರ್ಫ್ ಹುಟ್ಟಿದುದು 1824ರಲ್ಲಿ, ಬಾನ್ ನಗರದಲ್ಲಿ. ಬಾಳೆಲ್ಲ ಕಳೆದುದು ಮ್ಯೂನ್‌ಸ್ಟರ್ ಎಂಬ ಊರಿನಲ್ಲಿ. ದೊಡ್ಡ ವಿಶ್ವವಿದ್ಯಾನಿಲಯಗಳ ಗದ್ದಲದಿಂದ ದೂರವಿದ್ದ ಅಲ್ಲಿನ ವಿದ್ಯಾಸಂಸ್ಥೆಯಲ್ಲಿ ಆತ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡನ್ನೂ ಕಲಿಸಬೇಕಾಗಿದ್ದಿತು. ನಮ್ಮ ಸಣ್ಣ ಊರುಗಳ ಕಾಲೇಜುಗಳಲ್ಲಿ ದುಡಿದವರಿಗೆ ಈ ಪಾಡು ಹೊಸದಲ್ಲ.

ಆತ ಕೈಗೆತ್ತಿಕೊಂಡ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಪ್ಪನ್ನು ನೀರಿನಲ್ಲಿ ಕರಗಿಸಿ ಎರಡು ತಗಡುಗಳನ್ನಿಳಿಸಿ ವಿದ್ಯುತ್ತು ಹರಿಸಿದರೆ ಉಪ್ಪಿನ ಒಂದು ಭಾಗ ಈ ಕಡೆಗೂ ಇನ್ನೊಂದು ಭಾಗ ಆ ಕಡೆಗೂ ಸರಿಯುತ್ತದೆ. ಹೀಗೆ ಸರಿಯುವ ಭಾಗಗಳಿಗೆ ಮೈಕೇಲ್ ಫ್ಯಾರಡೆ 1834ರಲ್ಲಿ ‘ಅಯಾನು’ ಎಂಬ ಗ್ರೀಕ್ ಹೆಸರನ್ನು ಕೊಟ್ಟ. ಸಾಗುವುದು, ಯಾತ್ರಿಕ ಎಂದು ಅದರ ಅರ್ಥ. ಲೋಹ ಧನ ಅಯಾನಾಗಿ ಋಣಧ್ರುವಕ್ಕೆ ಹೋಗುತ್ತದೆ. ಕ್ಲೋರಿನ್, ಅಯೊಡಿನ್ ಮುಂತಾದವು ಋಣ ಅಯಾನುಗಳಾಗಿ ಧನಧ್ರುವಕ್ಕೆ ಹೋಗುತ್ತವೆ. ಇಬ್ಬರೂ ಒಂದೇ ವೇಗದಲ್ಲಿ ನಡೆಯುತ್ತಾರೆಂದು ಬಹುಕಾಲದವರೆಗೆ ನಂಬಿದ್ದರು. ಹಾಗೇನೂ ಇಲ್ಲ, ಒಬ್ಬೊಬ್ಬರ ನಡಿಗೆ ಒಂದೊಂದು ಬಗೆ ಎಂಬುದನ್ನು ಅಳೆದು ತೋರಿಸಲು ಹಿಟಾರ್ಫ್ ಹೊರಟ. 1853ರಿಂದ 1859ರವರೆಗೆ ಒಂದಾದ ಮೇಲೊಂದರಂತೆ ಆತ ಪ್ರಕಟಿಸಿದ ಪ್ರಬಂಧಗಳೆಲ್ಲ ಅಯಾನುಗಳ ಈ ವಲಸೆಯನ್ನೇ ಕುರಿತವು.

ಕಣ್ಣಿಗೆ ಕಾಣದ ಅಯಾನಿನ ನಡಿಗೆಯನ್ನು ಅಳೆಯುವುದು ಹೇಗೆ? ಉಪಾಯ ಬಹಳ ಸರಳ, ದುಡಿಮೆ ಮಾತ್ರ ವಿಪರೀತ. ವಿದ್ಯುತ್ತು ಹರಿದ ಮೇಲೆ ಋಣಧ್ರುವದ ಸುತ್ತಲಿನ ದ್ರಾವಣವನ್ನು ಬೇರ್ಪಡಿಸಿ, ತಗಡಿನ ಮೇಲೆ ಎಷ್ಟು ಲೋಹ ಕೂತಿದೆ, ಸುತ್ತಲಿನ ದ್ರಾವಣದಲ್ಲಿ ಎಷ್ಟು ಲೋಹ ಕಡಿಮೆಯಾಗಿದೆ ಎಂದು ತೂಗುವುದು. ಕಣಜದಿಂದ ಹತ್ತು ಸೇರು ಭತ್ತವನ್ನು ಅಳೆದು ತೆಗೆದಿದ್ದೇವೆನ್ನಿ. ಆಮೇಲೆ ನೋಡಿದರೆ ಕಣಜದಲ್ಲಿ ಆರೇ ಸೇರು ಕಡಿಮೆಯಾಗಿದ್ದರೆ, ಉಳಿದ ನಾಲ್ಕು ಸೇರನ್ನು ಯಾರೋ ಹೊರಗಿನಿಂದ ತಂದು ಸುರಿದಿರಬೇಕು. ಹಾಗೆ ಹೊರಗಿನಿಂದ ಬಂದ ನಾಲ್ಕೇ ಲೋಹದ ಅಯಾನಿನ ಪಾಲು; ಉಳಿದ ಆರು ಎದುರು ದಿಕ್ಕಿಗೆ ಹೋಗುವ ಋಣ ಅಯಾನಿನ ಪಾಲು. ಒಟ್ಟು ಹೊರೆ ಒಂದು. ಇಬ್ಬರೂ ಅದನ್ನು ಹಂಚಿಕೊಂಡು ಹೊರುತ್ತಾರೆ. ಒಬ್ಬನ ಪಾಲು 0.4 ಆದರೆ ಇನ್ನೊಬ್ಬನದು 0.6. ಉಪ್ಪಿನಿಂದ ಉಪ್ಪಿಗೆ ಈ ಅಂಕೆಗಳು ಬದಲಾಗುತ್ತವೆ. ಆದರೆ ಎರಡೂ ಕೂಡಿದರೆ ಒಂದೇ ಆಗಬೇಕು, ಯಾರ ಪಾಲೂ ಒಂದಕ್ಕೆ ಮೀರಕೂಡದು. ಇಷ್ಟು ಗಣಿತ ನನ್ನಂಥವನಿಗೂ ಸಾಕು.

ಒಂದೊಂದೇ ಲವಣವನ್ನು ಹೀಗೆ ಅಳೆಯುತ್ತ ಬಂದ ಹಿಟಾರ್ಫ್ ಸತು ಮತ್ತು ಕ್ಯಾಡ್ಮಿಯಮ್ ಲೋಹಗಳಿಗೆ ಬಂದ. ಇವೆರಡೂ ಒಂದೇ ಕುಟುಂಬದ ಲೋಹಗಳು. ಇವು ಅಯೊಡಿನ್ ಮುಂತಾದವುಗಳ ಜೊತೆ ಕೂಡಿದ ಲವಣಗಳ ಗಾಢ ದ್ರಾವಣದಲ್ಲಿ ಲೆಕ್ಕ ಕೆಟ್ಟಿತು. ಋಣ ಅಯಾನಿನ ಪಾಲು ಒಂದಕ್ಕಿಂತ ಹೆಚ್ಚು ಬಂದಿತು! ಕಣಜದ ಮಾತಿನಲ್ಲಿ ಹೇಳುವುದಾದರೆ, ಹತ್ತು ಸೇರು ಅಳೆದುಕೊಂಡರೆ ಹನ್ನೊಂದು ಸೇರು ಖಾಲಿಯಾಗಿದ್ದಿತು. ಲೋಹದ ತಗಡಿನ ಮೇಲೆ ಲೋಹ ಕೂಡುವುದೇನೋ ನಿಂತಿರಲಿಲ್ಲ. ಆದರೆ ಅದರ ನೆರವಿಗೆ ಬರಬೇಕಾದ ಲೋಹ ಬರುವುದಿರಲಿ, ಇದ್ದುದೂ ಬೆನ್ನು ತಿರುಗಿಸಿ ಧನಧ್ರುವದ ಕಡೆಗೆ ಹೊರಟುಹೋಗಿದ್ದಿತು.

ಇಂಥ ಅಂಕೆ ಕಂಡಾಗ ಏನು ಮಾಡಬೇಕು? ತಕ್ಕಡಿಯನ್ನು ಸಂಶಯಿಸಬಹುದು, ದ್ರಾವಣ ಎಲ್ಲೋ ಸೋರಿದೆ ಎನ್ನಬಹುದು, ಆ ಒಂದು ಲವಣವನ್ನು ಪಟ್ಟಿಯಿಂದಲೇ ಬಿಡಬಹುದು. ಆತನ ಅಯಾನು ವಲಸೆಯ ವಾದವನ್ನೇ ಒಪ್ಪದ ವಿದ್ವಾಂಸರು ಎದುರಿಗಿದ್ದರು. ಒಂದಕ್ಕೆ ಮೀರಿದ ಪಾಲು ಅವರ ಕೈಗೆ ಕೊಟ್ಟ ಕೋಲಿನಂತಿತ್ತು. ಅದನ್ನು ಮುಚ್ಚಿಡುವುದಕ್ಕೆ ಆತನಿಗೆ ನನಗಿಂತ ಬಲವಾದ ಕಾರಣವಿದ್ದಿತು. ನನಗಿದ್ದುದು ಬರಿಯ ಅಚ್ಚುಕಟ್ಟಿನ ಚಪಲ.

ಹಿಟಾರ್ಫ್ ಅಳತೆಯನ್ನು ಮತ್ತೆ ಮತ್ತೆ ಮಾಡಿದ. ದ್ರಾವಣಕ್ಕೆ ನೀರು ಬೆರೆಸಿ ತೆಳುವು ಮಾಡಿದಂತೆಲ್ಲ ಅಂಕೆ ಇಳಿಯುತ್ತ ಬಂದು, ಕಡೆಗೆ ಉಳಿದ ಲವಣಗಳಂತೆ ಒಂದರ ಒಳಗೆ ನಿಂತಿತು. ನೀರಿನ ಬದಲು ಮದ್ಯಸಾರದಲ್ಲಿ ಕ್ಯಾಡ್ಮಿಯಮ್ ಅಯೊಡೈಡನ್ನು ಕರಗಿಸಿದರೆ ವಿಪರೀತ ಇನ್ನೂ ಹೆಚ್ಚಿತು. ತಪ್ಪು ಅಳತೆ ಹೀಗೆ ಕ್ರಮವಾಗಿ ಏರಿ ಇಳಿಯುವುದಿಲ್ಲ. ಆದುದರಿಂದ ಅಂಕೆ ಸರಿ. ದ್ರಾವಣದಲ್ಲಿ ಇರುವುದು ಏನು ಎಂದು ನಾವು ತಿಳಿದುಕೊಂಡದ್ದೇ ತಪ್ಪು ಎಂದು ಆತ ನಿಶ್ಚಯಿಸಿದ.

ಆತನಿಗೆ ಆಧಾರವಾಗಿ ಇನ್ನೊಂದು ಲವಣ ಮೊದಲೇ ಇದ್ದಿತು. ಬಟ್ಟೆಗೆ ಹಾಕುವ ಒಂದು ಬಗೆಯ ನೀಲಿಬಣ್ಣವನ್ನು ತಯಾರಿಸಲು ಬಳಸುವ ಪೊಟ್ಯಾಸಿಯಮ್ ಫೆರೊಸಯನೈಡಿನಲ್ಲಿ ಕಬ್ಬಿಣವಿದೆ. ವಿದ್ಯುತ್ತು ಹರಿಸಿದರೆ ಪೊಟ್ಯಾಸಿಯಮ್ ಮಾತ್ರ ಋಣಧ್ರುವಕ್ಕೆ ಹೋಗುತ್ತದೆ. ಕಬ್ಬಿಣ ಸಯನೈಡಿನ ಜೊತೆಗೂಡಿ ಧನಧ್ರುವಕ್ಕೆ ಹೋಗುತ್ತದೆ. ಅಂದರೆ ಅಲ್ಲಿ ಕಬ್ಬಿಣ ಬಿಡಿಯಾಗಿಲ್ಲ, ಋಣ ಅಯಾನಿನ ಒಡಲೊಳಗೆ ಸೇರಿಹೋಗಿದೆ. ಅಲ್ಲಿಯಾದರೋ ಎರಡು ಲೋಹಗಳಿವೆ. ನಮ್ಮ ಲವಣದಲ್ಲಿರುವುದು ಒಂದೇ ಲೋಹ. ಹಿಟಾರ್ಫನ ಊಹೆಯ ದಿಟ್ಟತನವಿರುವುದು ಇಲ್ಲಿ: ಒಂದೇ ಲೋಹ ಒಂದೇ ಪಾತ್ರೆಯಲ್ಲಿ ಎರಡು ವೇಷ ಹಾಕಿದೆ. ಲವಣದ ಒಂದು ಅಣು ಇನ್ನೊಂದು ಅಣುವಿನೊಡನೆ ಕೂಡಿಕೊಂಡಿದೆ. ಆ ಜೋಡಿಯಲ್ಲಿ ಲೋಹದ ಒಂದು ಪಾಲು ಬಿಡಿಯಾಗಿ ಧನ ಅಯಾನಾಗಿ ಮುಂದಕ್ಕೆ ನಡೆಯುತ್ತದೆ, ಇನ್ನೊಂದು ಪಾಲು ಅಯೊಡಿನ್ನಿನ ಗುಂಪಿನೊಳಗೆ ಸಿಕ್ಕಿ ಋಣ ಅಯಾನಿನ ಅಂಗವಾಗಿ ಹಿಂದಕ್ಕೆ ನಡೆಯುತ್ತದೆ. ಹಿಂದಕ್ಕೆ ಹೋದದ್ದು ಹೆಚ್ಚಾದಾಗ ಲೆಕ್ಕ ಒಂದಕ್ಕೆ ಮೀರುತ್ತದೆ. ನೀರು ಹೆಚ್ಚಾದರೆ ಗುಂಪು ಚೆದುರುತ್ತದೆ, ಲೋಹ ಬಿಡುಗಡೆಯಾಗುತ್ತದೆ, ಲೆಕ್ಕ ನೇರವಾಗುತ್ತದೆ. 1859ರ ಪ್ರಬಂಧದ ಈ ಮಾತು ಸತುವಿನ ಕ್ಲೋರೈಡಿಗೂ ಹಾಗೆಯೇ ಸಲ್ಲುತ್ತದೆ; ಗಾಢ ದ್ರಾವಣದಲ್ಲಿ ಸತುವಿನ ಪಾಲು ಸೊನ್ನೆಗಿಂತ ಕೆಳಗಿಳಿಯುವುದನ್ನು 20ನೆಯ ಶತಮಾನದ ಅಳತೆಗಳೂ ಕಂಡಿವೆ.

ಈ ಗುಂಪಿಗೆ ಇಂದು ಸಂಕೀರ್ಣ ಋಣ ಅಯಾನು ಎಂದು ಹೆಸರು. ಒಂದು ಸತು, ಸುತ್ತ ನಾಲ್ಕು ಕ್ಲೋರಿನ್. ಸತುವಿನ ಧನ ಆವೇಶ ಎರಡು, ನಾಲ್ಕು ಕ್ಲೋರಿನ್ನುಗಳ ಋಣ ಆವೇಶ ನಾಲ್ಕು; ಕೂಡಿ ಕಳೆದರೆ ಎರಡು ಋಣ ಉಳಿಯುತ್ತದೆ. ಧನವಾದ ಲೋಹವನ್ನು ಒಡಲಲ್ಲಿಟ್ಟುಕೊಂಡೂ ಇಡೀ ಗುಂಪು ಋಣವೇ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಬಹುವ್ರೀಹಿ ಎನ್ನುತ್ತೇವೆ. ಮೂರು, ಕಣ್ಣು ಎರಡೂ ಕೂಡಿ ‘ಮುಕ್ಕಣ್ಣ’ ಆದಾಗ ಅದು ಮೂರನ್ನೂ ಹೇಳುವುದಿಲ್ಲ, ಕಣ್ಣನ್ನೂ ಹೇಳುವುದಿಲ್ಲ, ಶಿವನನ್ನು ಹೇಳುತ್ತದೆ. ಕರಡು ತಿದ್ದುವಾಗ ನಾನು ನೋಡಿದುದು ‘ಸತು’ ಎಂಬ ಬಿಡಿಪದವನ್ನು ಮಾತ್ರ. ಅದು ಸಮಾಸದೊಳಗೆ ಇದ್ದಿತು. ವ್ಯಾಕರಣದ ಮೇಷ್ಟರಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೆ ಏನಿದೆ?

ವಿಚಿತ್ರವೆಂದರೆ, ಈ ಸಮಾಸವನ್ನು ನಾನು ಚಿಕ್ಕಂದಿನಲ್ಲಿ ದಿನಾ ನೋಡುತ್ತಿದ್ದೆ. ನಮ್ಮೂರಿನ ಸಂತೆಬೀದಿಯಲ್ಲಿ ತಗಡಿನ ಕೆಲಸ ಮಾಡುವವನೊಬ್ಬನಿದ್ದ. ಕೊಡದ ತೂತು ಮುಚ್ಚುವುದು, ಸೀಮೆಣ್ಣೆ ಡಬ್ಬದ ಮೂತಿ ಬೆಸೆಯುವುದು ಅವನ ಕಸಬು. ಮುಗಿದುಹೋದ ಟಾರ್ಚಿನ ಶೆಲ್ಲುಗಳನ್ನು ಹುಡುಗರಾದ ನಾವು ಅವನಿಗೆ ಒಯ್ದುಕೊಡುತ್ತಿದ್ದೆವು. ಅದರ ಹೊರಗಿನ ತಗಡು ಸತು. ಅದನ್ನು ಚೂರು ಮಾಡಿ ಆಸಿಡ್ಡಿನ ಪಿಂಗಾಣಿ ಬಟ್ಟಲಿಗೆ ಹಾಕಿದರೆ ನೊರೆಯೆದ್ದು ಭುಸುಗುಟ್ಟುತ್ತಿದ್ದಿತು. ಇನ್ನು ಚೂರು ಕರಗದು ಎಂಬ ಹೊತ್ತಿಗೆ ಉಳಿಯುವ ನೀರೇ ಸತುವಿನ ಕ್ಲೋರೈಡ್. ಅದಕ್ಕೆ ಒಂದು ಚಿಟಿಕೆ ನವಸಾಗರ ಹಾಕಿ, ಕೋಳಿಗರಿಯಿಂದ ಬೆಸೆಯಬೇಕಾದ ಕಡೆ ಸವರಿ, ಕಾದ ಕಬ್ಬಿಣ ಮುಟ್ಟಿಸುತ್ತಿದ್ದ. ಹೊಗೆ ಕಣ್ಣು ಮೂಗನ್ನು ಸುಡುತ್ತಿದ್ದಿತು. ಸರಿದು ನಿಲ್ಲಿ ಎಂದು ಗದರಿಸುತ್ತಿದ್ದ. ಬೆಸುಗೆ ಮಾತ್ರ ನೀರಿನಂತೆ ಹರಿದು ಕೂರುತ್ತಿದ್ದಿತು. ಲೋಹದ ಮೇಲಿನ ಕಿಲುಬನ್ನು ಈ ದ್ರವ ಕರಗಿಸಿ ಒಯ್ಯುತ್ತದೆ. ಶುದ್ಧವಾದ ಮೈಗೆ ಬೆಸುಗೆ ಹತ್ತುತ್ತದೆ. ಸತುವಿನ ಕ್ಲೋರೈಡಿಗೆ ನವಸಾಗರ, ಎಂದರೆ ಅಮೋನಿಯಮ್ ಕ್ಲೋರೈಡ್, ಸೇರಿದಾಗ ಹೆಚ್ಚಿನ ಕ್ಲೋರಿನ್ ಒದಗುತ್ತದೆ; ಸತು ನಾಲ್ಕನ್ನು ಸುತ್ತ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ತಗಡಿಗೆ ಸತುವಿನ ಲೇಪ ಕೊಡುವ ಕಾರ್ಖಾನೆಗಳಲ್ಲೂ ಬಳಸುವುದು ಇದೇ ಲವಣವನ್ನು.

ಹಿಟಾರ್ಫನ ಕಾಲದ ರಸಾಯನಶಾಸ್ತ್ರಜ್ಞರಿಗೆ ಇಂಥ ಲವಣಗಳು ದಂಡಿಯಾಗಿ ಗೊತ್ತಿದ್ದವು. ಅವನ್ನು ಜೋಡಿ ಲವಣ ಎಂದು ಕರೆದು, ಸೂತ್ರದಲ್ಲಿ ಒಂದು ಲವಣವನ್ನು ಬರೆದು, ನಡುವೆ ಚುಕ್ಕಿಯಿಟ್ಟು, ಮಗ್ಗುಲಲ್ಲಿ ಇನ್ನೊಂದನ್ನು ಬರೆಯುತ್ತಿದ್ದರು. ಆ ಚುಕ್ಕಿಯ ಅರ್ಥವೇನೆಂದು ಕೇಳಿದರೆ ಖಚಿತವಾದ ಉತ್ತರವಿರಲಿಲ್ಲ. ಎರಡು ಲವಣಗಳೂ ತಮ್ಮ ಸಂಯೋಗದ ಶಕ್ತಿಯನ್ನೆಲ್ಲ ತಮ್ಮೊಳಗೇ ವ್ಯಯ ಮಾಡಿಕೊಂಡಿವೆ. ಹಾಗಿರುವಾಗ ಒಂದನ್ನೊಂದು ಹಿಡಿದಿರುವುದು ಯಾವುದು?

ಉತ್ತರ ಹೇಳಿದವನು ಆಲ್ಸೇಸಿನ ಮುಲ್‌ಹೌಸ್ ಊರಿನ ಆಲ್‌ಫ್ರೆಡ್ ವರ್ನರ್, 1893ರಲ್ಲಿ. ಆಗ ಆತನಿಗೆ ಇಪ್ಪತ್ತಾರು ವರ್ಷ. ರಾತ್ರಿ ಎರಡು ಗಂಟೆಗೆ ಹೊಳೆದು ಎದ್ದು ಕೂತು ಮರುದಿನ ಸಂಜೆಯ ಹೊತ್ತಿಗೆ ಪ್ರಬಂಧ ಮುಗಿಸಿದನೆಂಬ ಕಥೆ ಬಹಳ ಪ್ರಸಿದ್ಧ. ಪ್ರತಿಯೊಂದು ಲೋಹಕ್ಕೂ ಎಂದಿನ ಸಂಯೋಗಸಾಮರ್ಥ್ಯವಲ್ಲದೆ ಎರಡನೆಯದೊಂದು ಸಾಮರ್ಥ್ಯವಿದೆ. ಅದರ ಬಲದಿಂದ ಅದು ತನ್ನ ಸುತ್ತ ನಾಲ್ಕೋ ಆರೋ ನೆರೆಯವರನ್ನು ಗೊತ್ತಾದ ದಿಕ್ಕುಗಳಲ್ಲಿ ಹಿಡಿದುಕೊಳ್ಳುತ್ತದೆ ಎಂಬುದು ಆತನ ವಾದ. ಚುಕ್ಕಿ ಹೋಗಿ ಆವರಣ ಚಿಹ್ನೆ ಬಂದಿತು. ಕೋಪನ್‌ಹೇಗನ್ನಿನ ಯೋರ್ಗೆನ್ಸನ್ ಎಂಬ ಹಿರಿಯ ವಿದ್ವಾಂಸ ಇದನ್ನು ವರ್ಷಗಟ್ಟಲೆ ಎದುರಿಸಿ, 1907ರಲ್ಲಿ ವರ್ನರ್ ಮುಂಗಂಡಿದ್ದ ಒಂದು ಲವಣ ಕೈಗೆ ಸಿಕ್ಕಾಗ ತನ್ನ ಸೋಲನ್ನು ಒಪ್ಪಿಕೊಂಡ. 1913ರಲ್ಲಿ ವರ್ನರನಿಗೆ ನೊಬೆಲ್ ಬಹುಮಾನ ಬಂದಿತು. ಆದರೆ ಈ ಜಗಳದ ಅಖಾಡವೆಲ್ಲ ಕೋಬಾಲ್ಟಿನದು. ಅದರ ಸಂಕೀರ್ಣಗಳಿಗೆ ಹಸುರು, ನೇರಿಳೆ, ಹಳದಿ ಬಣ್ಣಗಳಿವೆ, ಗಟ್ಟಿಯಾದ ಒಡಲಿದೆ. ಸತುವಿನ ಸಂಕೀರ್ಣಕ್ಕೆ ಬಣ್ಣವಿಲ್ಲ. ನೀರು ಬೆರೆಸಿದ ಕ್ಷಣ ಬಿಚ್ಚಿಕೊಳ್ಳುತ್ತದೆ. ಅದು ಇದೆ ಎಂಬುದಕ್ಕೆ ಹಿಟಾರ್ಫನ ಆ ವಿಪರೀತ ಅಂಕೆಯಂಥ ಸಾಕ್ಷಿಯೇ ಬೇಕು.

ಅಂಥ ಇನ್ನೊಂದು ಸಾಕ್ಷಿಯನ್ನು ಒದಗಿಸಿದ ಉಪಾಯ ನಮ್ಮ ದೇಶದ್ದು. ಚಂದ್ರಶೇಖರ ವೆಂಕಟರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಬೆಳಕಿನ ಪರಿಣಾಮ ಅದು. ಐದು ವರ್ಷಗಳ ಮೇಲೆ ಅವರು ಬೆಂಗಳೂರಿಗೆ ಬಂದು ನಮ್ಮವರೇ ಆದರು. ಅಣುವಿನ ಮೇಲೆ ಬಿದ್ದು ಚೆದುರುವ ಬೆಳಕು ಆ ಅಣುವಿನ ಕಂಪನದ ಗುರುತನ್ನು ಹೊತ್ತು ಬರುತ್ತದೆ. ಪಾತ್ರೆಯನ್ನು ಬಡಿದರೆ ಬರುವ ನಾದದಿಂದ ಕಂಚೋ ಹಿತ್ತಾಳೆಯೋ ಎಂದು ಹೇಳುವಂತೆ. 1963ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸತುವಿನ ಕ್ಲೋರೈಡಿನ ದ್ರಾವಣಗಳನ್ನು ಈ ಬಗೆಯಲ್ಲಿ ಪರೀಕ್ಷಿಸಿ ನಾಲ್ಕು ಕ್ಲೋರಿನ್ನುಗಳ ಗುಂಪನ್ನು ಅದರ ಸ್ವರದಿಂದಲೇ ಗುರುತಿಸಿತು. ಕ್ಲೋರಿನ್ ಕಡಿಮೆಯಾದಂತೆ ಎರಡರ ಗುಂಪು, ಒಂದರ ಗುಂಪು, ಕಡೆಗೆ ಸುತ್ತ ಬರಿಯ ನೀರಿರುವ ಸತು ಹೀಗೆ ಹಲವರು ಒಂದೇ ದ್ರಾವಣದಲ್ಲಿ ಕೂಡಿ ಇರುತ್ತಾರೆಂಬುದೂ ತಿಳಿದಿದೆ. ಹರಳುಗಳ ಪರೀಕ್ಷೆ ಇನ್ನೂ ಒಂದು ತಮಾಷೆಯನ್ನು ಬಯಲಿಗೆ ತಂದಿತು. ಒಂದು ಪಾಲು ಸತುವಿನ ಕ್ಲೋರೈಡಿಗೆ ಮೂರು ಪಾಲು ನವಸಾಗರವಿರುವ ಲವಣದಲ್ಲಿ ಸತುವಿಗೆ ಐದು ಕ್ಲೋರಿನ್ ಲೆಕ್ಕ ಬೀಳುತ್ತದೆ. ಐದೂ ಸತುವನ್ನು ಸುತ್ತಿರಬೇಕೆಂದು ಸೂತ್ರ ನೋಡಿದವರಿಗೆ ತೋರುತ್ತದೆ. ಎಕ್ಸ್-ಕಿರಣ ಹಾಯಿಸಿ ನೋಡಿದರೆ ಸತುವಿನ ಸುತ್ತ ಅದೇ ನಾಲ್ಕು. ಐದನೆಯದು ಬಾಗಿಲ ಹೊರಗೆ ಒಂಟಿಯಾಗಿ ನಿಂತಿದೆ.

ಹಿಟಾರ್ಫನಿಗೆ ಮನ್ನಣೆ ಬಂದುದು ತಡವಾಗಿ. 1887ರಲ್ಲಿ ಅರೇನಿಯಸ್ ಅಯಾನುಗಳ ಸಿದ್ಧಾಂತವನ್ನು ಪೂರ್ಣರೂಪದಲ್ಲಿ ಮಂಡಿಸಿದ ಮೇಲೆ ಮ್ಯೂನ್‌ಸ್ಟರಿನ ಹಳೆಯ ಪ್ರಬಂಧಗಳಿಗೆ ಬೆಲೆ ಬಂದಿತು. 1891ರಲ್ಲಿ ಆಸ್ಟ್‌ವಾಲ್ಡ್ ಅವನ್ನು ವಿಜ್ಞಾನದ ಶ್ರೇಷ್ಠ ಕೃತಿಗಳ ತನ್ನ ಮಾಲೆಯಲ್ಲಿ ಮತ್ತೆ ಅಚ್ಚು ಹಾಕಿಸಿದ. ಬರೆದ ಮೂವತ್ತು ವರ್ಷಗಳ ಮೇಲೆ! ಅಷ್ಟು ಹೊತ್ತಿಗೆ ಹಿಟಾರ್ಫ್ ಆರೋಗ್ಯ ಕೆಟ್ಟು ಅಧ್ಯಾಪಕ ವೃತ್ತಿಯನ್ನು ಬಿಟ್ಟಿದ್ದ. ಬಾಳಿದುದು ಮಾತ್ರ ದೀರ್ಘಕಾಲ. 1914ರಲ್ಲಿ ತೀರಿಕೊಂಡಾಗ ತೊಂಬತ್ತು ತುಂಬಿದ್ದಿತು. ನಿರ್ವಾತ ನಳಿಕೆಗಳಲ್ಲಿ ಋಣಧ್ರುವದಿಂದ ಹೊರಡುವ ಕಿರಣಗಳನ್ನು ಮೊದಲಲ್ಲೇ ಕಂಡವರಲ್ಲಿ ಆತನೂ ಒಬ್ಬ ಎಂಬುದನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಅದು ಬೇರೆ ಕಥೆ.

ಕೆಲವು ವರ್ಷಗಳ ಹಿಂದೆ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಬಂಧದ ಚಿತ್ರವನ್ನು ತಂದು ತೋರಿಸಿದರು. ಸತುವಿನ ಕ್ಲೋರೈಡಿನ ಒಂದು ಅಣುವಿಗೆ ಮೂರು ಅಣು ನೀರು ಸೇರಿ ಆಗುವ ಹರಳಿನ ಚಿತ್ರ. ಸೂತ್ರ ನೋಡಿದರೆ ಎಲ್ಲ ಸತುವೂ ಒಂದೇ ಸಮ. ಚಿತ್ರದಲ್ಲಿ ಹಾಗಿಲ್ಲ. ಒಂದು ಸತುವಿನ ಸುತ್ತ ಆರು ನೀರಿನ ಅಣುಗಳು, ಕ್ಲೋರಿನ್ ಒಂದೂ ಇಲ್ಲ. ಅದು ಧನ ಅಯಾನು. ಮಗ್ಗುಲ ಸತುವಿನ ಸುತ್ತ ನಾಲ್ಕು ಕ್ಲೋರಿನ್ನುಗಳು, ನೀರು ಒಂದೂ ಇಲ್ಲ. ಅದು ಋಣ ಅಯಾನು. ಒಂದೇ ಲೋಹ, ಒಂದೇ ಹರಳು, ಎರಡು ವೇಷ. “ನೋಡಿ ಮೇಷ್ಟ್ರೇ, ನಿಮ್ಮ ಸತು” ಎಂದರು. ಎರಡನ್ನೂ ಬಹಳ ಹೊತ್ತು ನೋಡಿದೆ.

ನನ್ನ ತಪ್ಪು ತಿಳಿದ ಮೇಲೆ ತಪ್ಪೊಪ್ಪುಗಳ ಒಂದು ಚೀಟಿಯನ್ನು ಅಚ್ಚು ಹಾಕಿಸಿ, ಉಳಿದಿದ್ದ ಪ್ರತಿಗಳಲ್ಲೆಲ್ಲ ಇಡಿಸಿದ್ದೆವು. ಮೊನ್ನೆ ಕಾಲೇಜಿನ ಗ್ರಂಥಾಲಯದಲ್ಲಿ ಆ ಪುಸ್ತಕದ ನಾಲ್ಕು ಪ್ರತಿಗಳನ್ನು ತೆಗೆದು ನೋಡಿದೆ. ಮೂರರಲ್ಲಿ ಚೀಟಿ ಉದುರಿಹೋಗಿದೆ. ಆ ಮೂರರಲ್ಲೂ ‘ಋಣ’ವನ್ನು ಹೊಡೆದು, ಲೇಖಕರು ಮೊದಲು ಬರೆದಿದ್ದ ‘ಧನ’ವನ್ನು ಕೆಂಪು ಶಾಯಿಯಲ್ಲಿ ಮತ್ತೆ ಬರೆದು ಇಟ್ಟು ಬಂದೆ.